ಟ್ಯಾಂಕರ್ ಸುರಿದ ಬಾವಿ

ಹೊಸ ರಸ್ತೆಗೆ ಬೇಕಾಗಬಹುದಾದ ಜಾಗದ ಮಣ್ಣು, ನೀರು ಪರೀಕ್ಷೆ ಮಾಡಲು ಬರುತ್ತೇವೆಂದು ನೋಟಿಸು ಬಂದಾಗ ಪಟಾನ್‌ಚೆರುವಿನ ಆ ಓಣಿಯಲ್ಲಿ ಖುಷಿಪಟ್ಟವನು ಕಲ್ಲೇಶ ಒಬ್ಬನೇ. ಉಳಿದವರಿಗೆ ಜಾಗ ಹೋದೀತೆಂಬ ಹೆದರಿಕೆ. ಅವನಿಗೆ ಉಳಿದೀತೆಂಬ ಹೆದರಿಕೆ.

ಮನೆಯ ಹಿಂದಿದ್ದ ಔಷಧಿ ಕಾರ್ಖಾನೆಯ ಹೊಲಸು ಅವನ ಬಾವಿಗೆ ಇಳಿದು ವರ್ಷಗಳಾಗಿದ್ದವು. ನೀರಿಗೆ ಹಾಳಾದ ಮಾತ್ರೆಯ ವಾಸನೆ. ಕುಡಿಯಲು ಕ್ಯಾನ್ ತರಿಸುತ್ತಿದ್ದರು. ಸ್ನಾನಕ್ಕೂ ಕ್ಯಾನ್ ತರಿಸುವ ಶಕ್ತಿ ಎಲ್ಲಿಯದು? ಮಗಳು ಶರ್ವರಿಯ ಬೆನ್ನು, ತೋಳುಗಳ ತುಂಬ ತುರಿಕೆಯ ಗಾದರಿ ಎದ್ದಿತ್ತು. ಡಾಕ್ಟರು ಮುಲಾಮು ಕೊಟ್ಟು, ಮೊದಲು ನೀರು ಬದಲಿಸಿ ಅಂದಿದ್ದರು. ಆ ವಾಸನೆ ಮೂಸಿದವರು ಯಾರೂ ಮನೆ ಕೊಳ್ಳುತ್ತಿರಲಿಲ್ಲ. ಸರಕಾರ ಕೊಂಡರೆ ಮಲ್ಕಾಜ್‌ಗಿರಿಗೆ ಹೋಗಬಹುದಿತ್ತು. ಹೆಂಡತಿ ಸುವರ್ಣಾಳ ಅಣ್ಣ ಅಲ್ಲಿದ್ದ. ಅಲ್ಲಿ ನಳದ ನೀರಿತ್ತು.

"ನೆಲ ಕೆಟ್ಟಿದ್ರ ರೋಡು ಆಚೆ ಕಡೆ ಹೊಳ್ಳಸ್ತಾರಂತ," ಎಂದ ಕಲ್ಲೇಶ ಒಂದು ಸಂಜೆ.

"ಯಾರಂದ್ರು?"

"ಬಸ್ಸಿನ್ಯಾಗ ಅನ್ನಾಕತ್ತಿದ್ರು. ತಿಳಿದವರು."

"ತಿಳಿದವರು ನಿಮ್ಮ ಬಸ್ಸಿಗೆ ಯಾಕ ಬರ್ತಾರ?"

ಹಾಗೆ ಅಂದ ಸುವರ್ಣಾಳೂ ಕೈ ಜೋಡಿಸಿದಳು. ಕನ್ಯೆ ನೋಡಲು ಬರುವವರಿದ್ದರೆ ಮನೆಗೆ ಸುಣ್ಣ ಬಳಿಯುವಂತೆ, ಇಬ್ಬರೂ ಸೇರಿ ಪಂಪು ಹಚ್ಚಿ ಬಾವಿ ಬರಿದು ಮಾಡಿಸಿದರು, ತಳ ತಿಕ್ಕಿಸಿದರು, ಟ್ಯಾಂಕರ್ ಮೇಲೆ ಟ್ಯಾಂಕರ್ ಒಳ್ಳೆಯ ನೀರು ಸುರಿಸಿದರು.

ಮರುದಿನ ಪರೀಕ್ಷೆಯವರ ಕಡೆಯಿಂದ ಸುಮಂತ ಎಂಬವನು ಬಂದ. ಬೀದರಿನವನು. ಅಂಗಳದ ಮೂಲೆ ಕೊರೆದು ಮಣ್ಣು ತೆಗೆದ. ಬಾವಿಗೆ ಬಾಟಲಿ ಇಳಿಬಿಟ್ಟ.

"ಇಂಥಾ ಬ್ಯಾಸಗ್ಯಾಗೂ ಬಾವಿ ತುಂಬೇತಲ್ರಿ ಕಾಕಾ. ಪುಣ್ಯಾ ಮಾಡೀರಿ."

"ದೇವರ ದಯಾ," ಎಂದ ಕಲ್ಲೇಶ. ಸುವರ್ಣಾ ಮುಖ ಆಚೆ ತಿರುಗಿಸಿದಳು.

ಮಣ್ಣೂ ಚೊಕ್ಕ, ನೀರೂ ಚೊಕ್ಕ ಎಂದು ಫಲಿತಾಂಶ ಬಂತು. ರಸ್ತೆ ಮಾತ್ರ ಓಣಿಯ ಪಕ್ಕದ ನಾಲೆಯ ಆಚೆ ಹೋಯಿತು. ಸೇತುವೆಗೆ ಅಲ್ಲಿ ಗಟ್ಟಿ ಬಂಡೆ ಸಿಕ್ಕಿತಂತೆ. ನೀರಿನ ಮಾತು ಯಾರೂ ಎತ್ತಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯ ಹಳೆಯ ವಾಸನೆ ಮರಳಿತ್ತು. ಗಾದರಿ ಶರ್ವರಿಯ ಮುಖಕ್ಕೇರಿತು. ಸುವರ್ಣಾ ತಾನೇ ಮಾಲಿನ್ಯ ಮಂಡಳಿಗೆ ಹೋಗಿ ಕಾರ್ಖಾನೆಯ ಮೇಲೆ ದೂರು ಕೊಟ್ಟು ಬಂದಳು. ವಿಚಾರಣೆಗೆ ಅಮರೇಶಪ್ಪ ಎಂಬ ಅಧಿಕಾರಿ ಬಂದರು. ರಾಯಚೂರು ಕಡೆಯ ಹಿರಿಯರು, ಬಿಸಿಲಿಗೆ ಬೆವೆತಿದ್ದರು.

"ಅಲ್ರಿ, ರೋಡಿನವರ ಪರೀಕ್ಷಾದಾಗ ಈ ಓಣ್ಯಾಗ ನಿಮ್ಮ ಬಾವೀನ ಭಾಳ ಚಲೋ ಅಂತ ಬಂದೈತಿ. ಕಾರ್ಖಾನಿಯವರು ಅದನ್ನ ಮುಂದ ಹಿಡ್ಯಾಕತ್ತಾರ. ನಾ ಏನು ಬರೀಲಿ?"

"ಈಗ ತಗೊಂಡು ನೋಡ್ರಿ," ಎಂದಳು ಸುವರ್ಣಾ.

"ನೋಡಬಹುದವ್ವಾ. ಆಗ ಚಲೋ ಇತ್ತು, ಈಗ ಕೆಟ್ಟೈತಿ ಅಂದ್ರ, ಪರಿಹಾರದ ಆಸೆಗೆ ನೀವ ಏನರೆ ಸುರುವೀರಿ ಅಂತಾರ."

ಸುವರ್ಣಾ ಒಳಗೆ ಹೋದಳು. ಬಿಸಿಲಿನಿಂದ ಬಂದವರಿಗೆ ಬೆಲ್ಲ, ನೀರು ಕೊಡುವುದು ಅವಳ ತವರಿನಿಂದ ಬಂದ ರೂಢಿ. ತಟ್ಟೆಯಲ್ಲಿ ಬೆಲ್ಲದ ತುಂಡು, ತಾಮ್ರದ ತಂಬಿಗೆ ತಂದಿಟ್ಟಳು. ಕುಳಿತಲ್ಲೇ ಕಲ್ಲೇಶನ ಮೂಗಿಗೆ ವಾಸನೆ ಹತ್ತಿತು. ಅದು ಕ್ಯಾನಿನ ನೀರಲ್ಲ.

ನೆಗಡಿಯಾಗಿದ್ದ ಅಮರೇಶಪ್ಪನವರಿಗೆ ಏನೂ ತಿಳಿಯಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದರು. ಸುವರ್ಣಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕಲ್ಲೇಶ ಎದ್ದು ಅವರ ಕೈಹಿಡಿದ. "ಬ್ಯಾಡ್ರಿ. ಕ್ಯಾನಿಂದು ತರ್ತೀನಿ."

"ಯಾಕ?"

ಕಲ್ಲೇಶ ಬಾವಿಯ ಕಡೆ ನೋಡಿದ. ಅಮರೇಶಪ್ಪ ಅವನನ್ನು ನೋಡಿದರು, ಬಾವಿಯನ್ನು ನೋಡಿದರು, ತಂಬಿಗೆ ಕೆಳಗಿಟ್ಟು ಬೆಲ್ಲವನ್ನು ಒಣಬಾಯಲ್ಲೇ ನುಂಗಿದರು.

"ಆವಾಗ ಬಾವಿಗೆ ಏನು ಮಾಡಿದ್ರಿ ಅಂತ ನಾ ಕೇಳೂದಿಲ್ಲ. ನೀವೂ ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮ ಮ್ಯಾಲ ಬರೀಬೇಕಾಕ್ಕೈತಿ," ಎಂದು ಚಪ್ಪಲಿ ಮೆಟ್ಟಿ ಹೊರಟರು.

ಗೇಟು ಮುಚ್ಚಿದ ಸಪ್ಪಳವಾದ ಮೇಲೆ ಸುವರ್ಣಾ ಅಂದಳು, "ಕುಡ್ಯಾಕ ಬಿಡಬೇಕಿತ್ತು."

"ಮನಿಗೆ ಬಂದವರಿಗೆ ಹೆಂಗ ಕೊಡ್ಲಿ, ಇಂಥಾ ನೀರು?"

"ಮನ್ಯಾಗ ಇದ್ದಾಕಿಗೆ ದಿನಾ ಕೊಡ್ತೀರಲ್ಲ."

ಬಚ್ಚಲಿನಿಂದ ಶರ್ವರಿ ಕೂಗಿದಳು, "ಅಪ್ಪಾ, ನೀರು ತೀರ್ಯಾವ."

ಕಲ್ಲೇಶ ಬಾವಿಗೆ ಹಗ್ಗ ಇಳಿಬಿಟ್ಟ.