ದಾರ ಪೋಣಿಸಿದ ಬೀಜಗಳು

ತಂಗಿ ಹೊರಡುವುದು ಖಾತ್ರಿಯಾದ ಮೇಲೆ ಅಕ್ಕ ಒಂದು ಪೊಟ್ಟಣ ಬೀಜ ತಂದಳು. ಮನೆ ಖಾಲಿಯಾದಾಗ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ ಎಂದು ಯಾರೂ ಆಡಿಕೊಳ್ಳಬಾರದು. ನೀರು ಹಾಕಿ ನೋಡಿಕೊಳ್ಳಲು ಏನಾದರೊಂದು ಬೇಕಿತ್ತು.

ತಂಗಿಗೆ ನಲವತ್ತು ತುಂಬಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೇರೆ ಊರಿನಲ್ಲಿ ತೆರೆಯುವ ಹೊಸ ಅಂಗಡಿಯನ್ನು ನೀವೇ ನೋಡಿಕೊಳ್ಳಿ ಎಂದು ಮಾಲೀಕರು ಹೇಳಿದಾಗ, ಪುಟ್ಟಿ ಮನೆಗೆ ಬಂದು ಮೊದಲು ನೋಡಿದ್ದು ಅಕ್ಕನ ಮುಖವನ್ನು.

"ಹೋಗು, ಯಾರು ಬೇಡ ಅಂದ್ರು?" ಎಂದಳು ಅಕ್ಕ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಅಮ್ಮ ಸತ್ತಾಗ ಜಡೆ ಹೆಣೆದುಕೊಳ್ಳಲೂ ಬಾರದ ಕೂಸನ್ನು ಸಾಕಿದವಳು ಅವಳು. ಮದುವೆ ಗಿದುವೆ ಎಂದು ತನಗಾಗಿ ಏನನ್ನೂ ಕೇಳಿದವಳಲ್ಲ. ಬೇಡ ಎನ್ನುವ ಮಾತು ಬಿಸಿತುಪ್ಪದ ಹಾಗೆ ಬಾಯಲ್ಲೇ ಉಳಿಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಬೀಜದಂಗಡಿಯವನು ಹೇಳಿದ್ದ: "ಮಳೆಕಾಡಿನ ಬಳ್ಳಿ, ಅಂಗೈಯಗಲ ನೀಲಿ ಹೂವಾಗುತ್ತೆ. ಆದ್ರೆ ಬೀಜ ಕಬ್ಬಿಣದ ಕಡಲೆ. ಸಿಪ್ಪೆ ಸ್ವಲ್ಪ ಉಜ್ಜಿ ತೆಳು ಮಾಡಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಊದಿಕೊಂಡದ್ದನ್ನ ಮಾತ್ರ ಹಾಕಿ."

ಉಜ್ಜುವುದು ಯಾಕೆ, ಕೈಯಲ್ಲಿ ದಬ್ಬಳವಿರುವಾಗ? ಅಕ್ಕ ಒಂದೊಂದಕ್ಕೂ ತೂತು ಕೊರೆದಳು. ಗುಂಡಿಗಳು ಉರುಳಿಹೋಗದಿರಲೆಂದು ದಾರಕ್ಕೆ ಪೋಣಿಸಿಡುವುದು ಅವಳ ರೂಢಿ. ಬೀಜಗಳನ್ನೂ ಹಾಗೇ ಪೋಣಿಸಿದಳು. ಯಂತ್ರದ ಮೇಲೆ ಪುಟ್ಟಿ ಪ್ರಯಾಣಕ್ಕೆ ತೊಡಬೇಕಿದ್ದ ಹೊಸ ಅಂಗಿ ಅರ್ಧ ಹೊಲಿದು ಕೂತಿತ್ತು, ಪೋಣಿಸಿದ್ದು ಅದರಲ್ಲಿ ಉಳಿದ ನೇರಳೆ ದಾರಕ್ಕೇ. ಎಂದಿನಂತೆ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಏರಿಸಿ, ಕೊನೆಗೆ ತನ್ನ ಗಂಟು ಹಾಕಿದಳು. ಎರಡು ಸುತ್ತು ಸುತ್ತಿ ಒಳಗಿನಿಂದ ಎಳೆಯುವ ಗಂಟು, ಅಮ್ಮ ಕಲಿಸಿದ್ದು. ನೆಂದು ಊದಿದ ಬೀಜಗಳು ದಾರವನ್ನು ಕಚ್ಚಿಕೊಂಡವು. ಮಣ್ಣಲ್ಲಿ ಕೊಳೆತುಹೋಗುತ್ತೆ ಬಿಡು ಎಂದು ಹಾಗೆಯೇ ಕುಂಡಕ್ಕೆ ಹಾಕಿದಳು.

ಒಂದೂ ಹುಸಿಯಾಗದೆ ಎಲ್ಲವೂ ಒಟ್ಟಿಗೇ ಮೊಳೆತವು. ಕಿಟಕಿಯ ಸರಳು ಹಿಡಿದು ಮೇಲೇರಿದವು. ಬಿಸಿಲಿದ್ದದ್ದು ಹೊರಗೆ, ಕುಡಿಗಳು ತಿರುಗಿದ್ದು ಒಳಗೆ, ಪುಟ್ಟಿಯ ಮಂಚದ ಕಡೆಗೆ.

"ಅಕ್ಕಾ, ನಿನ್ನ ಬಳ್ಳಿಗೆ ಕಣ್ಣು ಕಾಣಲ್ಲ ಕಣೆ. ಅಂಗಡಿಗೆ ಕಳಿಸು, ಕನ್ನಡಕ ಹಾಕಿ ಕಳಿಸ್ತೀನಿ."

ರವಿಕೆ ಅಳತೆ ಕೊಡಲು ಬಂದಿದ್ದ ಎದುರುಮನೆಯ ಟೀಚರಮ್ಮ ನಕ್ಕರು. "ಚೆನ್ನಾಗೇ ಕಾಣುತ್ತಮ್ಮಾ. ನಮ್ಮಂಥ ಕುರೂಪಿಗಳನ್ನ ಬಿಟ್ಟು ನಿನ್ನ ಕಡೆ ಬರ್ತಿಲ್ವಾ?"

ಮೊದಲು ಪುಟ್ಟಿಯ ಬಾಚಣಿಗೆ ಸಿಕ್ಕಿಬಿತ್ತು. ಆಮೇಲೆ ಚಪ್ಪಲಿಯ ಪಟ್ಟಿ. "ಕಳ್ಳ ಬಳ್ಳಿ!" ಎಂದು ಪುಟ್ಟಿ ಕಿತ್ತುಕೊಂಡು ಕೆಲಸಕ್ಕೆ ಓಡಿದಳು. ಅವಳು ಬಿಸಾಡಿಹೋದ ಎಳೆಯನ್ನು ಅಕ್ಕ ಎತ್ತಿ ನೋಡಿದಳು. ಬಳ್ಳಿ ಸುತ್ತಿಕೊಳ್ಳುತ್ತದೆ, ಸರಿ. ಬಳ್ಳಿ ಗಂಟು ಹಾಕುವುದಿಲ್ಲ. ಇದು ಹಾಕಿತ್ತು. ಎರಡು ಸುತ್ತು, ಒಳಗಿನಿಂದ ಎಳೆದು.

ಕುಂಡದ ಮಣ್ಣು ಕೆದಕಿದಳು. ದಾರ ಕೊಳೆತಿರಲಿಲ್ಲ. ಬೇರಿನೊಳಗೆ ಹೊಕ್ಕು, ಕಾಂಡದ ನಡುವೆ ತೆಳ್ಳಗೆ ನೇರಳೆಯಾಗಿ ಮೇಲಕ್ಕೆ ಹೋಗಿತ್ತು. ಆಗಲೇ ಬುಡಸಮೇತ ಕಿತ್ತು ಬಿಸಾಡಬಹುದಿತ್ತು. ಬಿಸಾಡಲಿಲ್ಲ. ಮಣ್ಣು ಮುಚ್ಚಿ ಮೇಲೆ ಒಂದು ಚೊಂಬು ನೀರು ಹಾಕಿದಳು. ಯಾಕೆ ಹಾಕಿದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬರುತ್ತಿತ್ತು.

ರಜೆಯ ದಿನ ಮಧ್ಯಾಹ್ನ ಪುಟ್ಟಿ ಊಟ ಮಾಡಿ ಅಡ್ಡಾದಳು. ಅಕ್ಕ ಕಾಲರಿನ ಒಳಗಿಡುವ ದಪ್ಪ ಕ್ಯಾನ್ವಾಸ್ ಬಟ್ಟೆ ಕತ್ತರಿಸುತ್ತಾ, ಇನ್ನೆಷ್ಟು ದಿನ ಈ ಉಸಿರಿನ ಸದ್ದು ಈ ಮನೆಯಲ್ಲಿ ಎಂದುಕೊಂಡಳು. ಕಿಟಕಿಯಲ್ಲಿ ಎಲೆ ಸರಸರ ಎಂದಿತು. ಗಾಳಿ ಇರಲಿಲ್ಲ. ಕುಡಿಯೊಂದು ದಿಂಬಿನ ಅಂಚಿನಿಂದ ಇಳಿದು, ಮಲಗಿದ್ದವಳ ಮಣಿಕಟ್ಟನ್ನು ಬಳಸುತ್ತಿತ್ತು. ಅವಸರವಿಲ್ಲ, ಒರಟುತನವಿಲ್ಲ, ನಿದ್ದೆ ಕೆಡದ ಹಾಗೆ ಮಗುವಿನ ಕೈಗೆ ಬಳೆ ಏರಿಸುವಾಗ ಅಕ್ಕನ ಬೆರಳು ಹೇಗೆ ಹೋಗುತ್ತಿದ್ದವೋ ಹಾಗೆ.

ಅವಳು ಮೆಲ್ಲಗೆ ಬಿಡಿಸಿದಳು. ಪುಟ್ಟಿಗೆ ಹೇಳಲಿಲ್ಲ.

ಮೊಗ್ಗುಗಳೂ ಬಂದವು. ಬಂದವೆಲ್ಲ ಅರಳುವ ಮೊದಲೇ ಉದುರಿದವು.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಾಗಿಲಿಗೆ ಬಂತು. ಪುಟ್ಟಿ ಹೊಸ ಅಂಗಿ ತೊಟ್ಟು ಸೂಟ್‌ಕೇಸ್ ಎತ್ತಲು ಹೋದರೆ ಅದು ಏಳಲಿಲ್ಲ. ಹಿಡಿಕೆಯ ಸುತ್ತ, ಮಂಚದ ಕಾಲಿನ ಸುತ್ತ ಹಸಿರು ಬಿಗಿದು ಕೂತಿತ್ತು. ಅವಳು ಮಂಚದ ಮೇಲೆ ಕುಸಿದು ನಗಲು ಹೋಗಿ ಅತ್ತುಬಿಟ್ಟಳು.

"ಅಕ್ಕಾ, ನಂಗೆ ಹೋಗೋಕೆ ಮನಸ್ಸಿಲ್ಲ. ಇದು ಒಂದೇ ಒಂದು ಹೂ ಬಿಡಲಿ, ಆಮೇಲೆ ನೋಡೋಣ. ಅವರಿಗೆ ಹೇಳ್ತೀನಿ, ಬೇರೆಯವರು ಸಿಗ್ತಾರೆ."

ಅಕ್ಕನ ಒಳಗೆ ಸಂತೋಷ ಹಾಲು ಉಕ್ಕಿದ ಹಾಗೆ ಉಕ್ಕಿತು. ಆ ಕ್ಷಣವೇ, ಇಷ್ಟು ಹೊತ್ತೂ ತಡಕಾಡುತ್ತಿದ್ದ ಕುಡಿಗಳೆಲ್ಲ ಸ್ತಬ್ಧವಾದವು. ಹೊಟ್ಟೆ ತುಂಬಿದವರ ಹಾಗೆ. ಒಂದು ಎಲೆಯೂ ಅಲುಗಲಿಲ್ಲ. ಅದನ್ನು ಕಂಡು ಅಕ್ಕನಿಗೆ ಅರ್ಥವಾಯಿತು. ಹೂ ಬಿಟ್ಟರೆ ಪುಟ್ಟಿ ಹೋಗುತ್ತಾಳಲ್ಲ, ಈ ಬಳ್ಳಿ ಎಂದೂ ಹೂ ಬಿಡುವುದಿಲ್ಲ. ಪುಟ್ಟಿಯ ಕೂದಲು ನೆರೆಯುತ್ತದೆ, ಬಳ್ಳಿ ಮೊಗ್ಗು ಉದುರಿಸುತ್ತಲೇ ಇರುತ್ತದೆ.

ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿಸದ ದೊಡ್ಡ ಕತ್ತರಿ ತೆಗೆದುಕೊಂಡಳು. ಮೊದಲ ಎಳೆ ಕತ್ತರಿಸಿದಾಗ ನಾಲಿಗೆಯ ತುದಿ ಚುರ್ ಎಂದಿತು. ಎರಡನೆಯದಕ್ಕೆ ಬಾಯಲ್ಲಿ ರಕ್ತದ ರುಚಿ. ಎಲ್ಲವನ್ನೂ ಕತ್ತರಿಸಿ ಸೂಟ್‌ಕೇಸನ್ನು ಬಾಗಿಲಾಚೆ ಇಟ್ಟಳು.

"ಏನೇ ಇದು? ನನ್ನ ಓಡಿಸ್ತಿದ್ದೀಯಾ?"

"ಹೂಂ. ಓಡಿಸ್ತಿದ್ದೀನಿ. ಸಾಕಾಗಿದೆ ನಂಗೆ. ಹೊರಡು."

ಪುಟ್ಟಿಯ ಮುಖ ಚಿಕ್ಕಂದಿನ ಹಾಗೆ ಸಣ್ಣದಾಯಿತು. ಆಮೇಲೆ ಬಿಗಿಯಾಯಿತು. ಟ್ಯಾಕ್ಸಿಯ ಬಾಗಿಲು ಧಡ್ ಎಂದು ಬಡಿಯಿತು. ಒಳ್ಳೆಯದು ಎಂದುಕೊಂಡಳು ಅಕ್ಕ, ಸಿಟ್ಟು ಬಂದವರು ಹಿಂದೆ ತಿರುಗಿ ನೋಡುವುದಿಲ್ಲ.

ಒಳಗೆ ಬಂದು ಯಂತ್ರದ ಮುಂದೆ ಕೂತಾಗ, ಕತ್ತರಿಸಿದ ತುದಿಗಳು ನಿಧಾನವಾಗಿ ಮಂಚವನ್ನು ಬಿಟ್ಟು ತಿರುಗುತ್ತಿದ್ದವು. ಈ ಸಲ ತನ್ನ ಕಡೆಗೆ. ಅವಳು ಸ್ಟೂಲು ಸರಿಸಲಿಲ್ಲ. ಯಾರಿಗೇ ಆದರೂ ಯಾರಾದರೊಬ್ಬರು ಬೇಕಲ್ಲ.

ಪುಟ್ಟಿಯ ಸಿಟ್ಟು ಕೆಲವು ದಿನ ಇತ್ತು. ಆಮೇಲೊಂದು ಸಂಜೆ ಫೋನ್ ಬಂತು. ಅಂಗಡಿ ಚೆನ್ನಾಗಿದೆ, ಕೋಣೆಗೆ ಎರಡು ಕಿಟಕಿ, ಸಾರಿಗೆ ಉಪ್ಪು ಜಾಸ್ತಿ ಹಾಕಿಬಿಟ್ಟೆ, ಒಬ್ಬಳೇ ಕೂತು ನಕ್ಕೆ ಎಂದೆಲ್ಲ ಹೇಳಿದಳು. ಬಹಳ ವರ್ಷಗಳಿಂದ ಕೇಳಿರದ ಹಗುರವಾದ ದನಿ. ಕೊನೆಗೆ, "ಅಕ್ಕಾ, ಬಳ್ಳಿ ಹೂ ಬಿಡ್ತಾ? ಬಿಟ್ಟಿದ್ರೆ ಹೇಳೇ, ಎಲ್ಲಾ ಬಿಟ್ಟು ನೋಡೋಕೆ ಬರ್ತೀನಿ."

ಫೋನ್ ಹಿಡಿದ ಅಕ್ಕನ ಎಡಗೈಯ ಮಣಿಕಟ್ಟಿಗೆ ಬಳ್ಳಿ ಗಂಟು ಹಾಕಿತ್ತು, ಮೊಳಕೈವರೆಗೆ ಎಲೆಗಳು ಮುಚ್ಚಿದ್ದವು. ಹೆಗಲ ಮೇಲೆ, ಕತ್ತಿನ ಹಿಂದೆ, ಯಂತ್ರದ ಚಕ್ರದ ತುಂಬ ಅಂಗೈಯಗಲದ ನೀಲಿ ಹೂಗಳು ಅರಳಿದ್ದವು. ಕಿಟಕಿಯ ಕಡೆಗೆ ಒಂದೂ ತಿರುಗಿರಲಿಲ್ಲ. ಎಲ್ಲವೂ ಅವಳ ಬಾಯನ್ನೇ ನೋಡುತ್ತಾ, ಅವಳೇನು ಹೇಳುತ್ತಾಳೆಂದು ಕಾಯುತ್ತಿದ್ದವು.

"ಇಲ್ಲ ಪುಟ್ಟಿ," ಎಂದಳು ಅಕ್ಕ. "ಒಣಗಿಹೋಯ್ತು. ಕಿತ್ತು ಬಿಸಾಕಿದೆ."

ಮಣಿಕಟ್ಟಿನ ಗಂಟು ಒಂದು ಸುತ್ತು ಬಿಗಿಯಾಯಿತು.