ಹೆಸರಿಗಷ್ಟೇ ಮರಳು ನೊಣ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಭೂತಗನ್ನಡಿ ಅಂತಲೇ ಕರೆಯುತ್ತಾರೆ. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವುದು ನನ್ನ ಕೆಲಸ, ಅದಕ್ಕೆ ಆ ಹೆಸರು. ಸಣ್ಣದನ್ನು ದೊಡ್ಡದು ಮಾಡಿ ಜಗಳ ತೆಗೆಯುತ್ತೇನೆ ಅಂತಲೂ ಇರಬಹುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ, ಇಲ್ಲ ಅನ್ನುವುದಿಲ್ಲ.

ಪಟಾಕಿ ನನ್ನ ಚಿಕ್ಕಪ್ಪನ ಮಗಳು. ಎಂಟು ವರ್ಷ, ಬಾಯಿ ತೆರೆದರೆ ಮುಚ್ಚುವುದಿಲ್ಲ. ಅವಳ ಕೆನ್ನೆಯ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಹುಣ್ಣಾಗಿತ್ತು. ನೋವಿಲ್ಲ, ತುರಿಕೆಯಿಲ್ಲ, ಅಂಚು ಎದ್ದು ನಡುವೆ ಹೊಂಡ ಬಿದ್ದಿತ್ತು. ಮೂರು ತಿಂಗಳಾದರೂ ಯಾವ ಮುಲಾಮಿಗೂ ಜಗ್ಗಿರಲಿಲ್ಲ.

"ಪರೀಕ್ಷೆ ಎಲ್ಲ ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಅಂದ ಚಿಕ್ಕಪ್ಪ.

"ಅಂಗೈ ಹುಣ್ಣಿಗೆ ಬೇಡ, ಕೆನ್ನೆ ಹುಣ್ಣಿಗೆ ಬೇಕು," ಅಂದೆ.

ಅಂಚಿನಿಂದ ಒಂದಿಷ್ಟು ಕೆರೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ಇದ್ದವು. ಕಾಯಿಲೆಯ ಜೀವಿಗಳು ಒಂದು ದೊಡ್ಡ ಜೀವಕೋಶದೊಳಗೆ ಒತ್ತೊತ್ತಾಗಿ ತುಂಬಿಕೊಂಡಿದ್ದವು. ಪ್ರತಿಯೊಂದರಲ್ಲೂ ಒಂದು ಗುಂಡು ಚುಕ್ಕೆ, ಪಕ್ಕದಲ್ಲೊಂದು ಪುಟ್ಟ ಕಡ್ಡಿ. ಪುಸ್ತಕದ ಚಿತ್ರದಲ್ಲಷ್ಟೇ ಕಂಡ ಜೀವಿಯನ್ನು ಕಣ್ಣಾರೆ ಕಂಡು ಖುಷಿಗೆ ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಆಮೇಲೆ ಅದು ಯಾರ ಕೆನ್ನೆ ಅಂತ ನೆನಪಾಗಿ ನಾಚಿಕೆಯಾಯಿತು.

"ವಾಸಿಯಾಗುತ್ತೆ," ಅಂದರು ಡಾಕ್ಟರಮ್ಮ. "ವಾರಕ್ಕೊಂದು ಸೂಜಿ, ಹುಣ್ಣಿನ ಅಂಚಿಗೇ. ಆದ್ರೆ ಇದನ್ನ ಹರಡೋ ನೊಣ ಎಲ್ಲಿದೆ ಅಂತ ಹುಡುಕಿ. ಇಲ್ಲಾಂದ್ರೆ ಇದು ಮಾಯೋದ್ರೊಳಗೆ ಇನ್ನೊಂದು ಏಳುತ್ತೆ."

ನಾನು ಮಾಡಿದ ತಪ್ಪು ಇಷ್ಟೇ. ಅವತ್ತು ಸಂಜೆ ಚಿಕ್ಕಪ್ಪನ ಬಾಗಿಲಲ್ಲೇ ನಿಂತು, "ಗಾಬರಿ ಬೇಡ, ಮರಳು ನೊಣದಿಂದ ಬರೋ ಕಾಯಿಲೆ," ಅಂದು ಬಸ್ಸಿಗೆ ಓಡಿದೆ.

ಚಿಕ್ಕಪ್ಪ ಗಾರೆ ಕೆಲಸದವನು. ಮೂವತ್ತು ವರ್ಷದಿಂದ ಮರಳು ಜರಡಿ ಹಿಡಿಯುತ್ತಿದ್ದಾನೆ. ಮನೆಗೆ ಬಂದರೆ ಜೇಬಲ್ಲಿ ಮರಳು, ಕಿವಿಯಲ್ಲಿ ಮರಳು. ಬೆನ್ನೇರಿ ಕೂತು ಅವನ ತಲೆಗೂದಲಿನಿಂದ ಮರಳು ಕೊಡವುವುದು ಪಟಾಕಿಯ ದಿನದ ಆಟ. ಅಂಥವನ ಕಿವಿಗೆ ಮರಳು ನೊಣ ಅಂತ ಬಿದ್ದರೆ ಏನಾಗಬೇಕು?

ಎರಡು ದಿನ ಬಿಟ್ಟು ಚಿಕ್ಕಮ್ಮ ಆಸ್ಪತ್ರೆಗೆ ಬಂದಳು. ಅಂಗಳದಲ್ಲಿದ್ದ ಮರಳು ರಾಶಿಯನ್ನು ಚಿಕ್ಕಪ್ಪ ಬೀದಿಯಾಚೆ ಸುರಿದನಂತೆ. ಬಟ್ಟೆ ಗಂಟು ಕಟ್ಟಿಕೊಂಡು ಕೆಲಸದ ಕಟ್ಟಡದಲ್ಲೇ ಉಳಿದುಬಿಟ್ಟನಂತೆ.

"ನನ್ ಮೈಮೇಲಿನ ಮರಳಲ್ಲೇ ಆ ನೊಣ ಮನೆಗೆ ಬಂದಿದೆ, ನಾನು ಮನೆಗೆ ಬರಲ್ಲ ಅಂತಾರೆ. ಪಟಾಕಿ ನೋಡಿದ್ರೆ, ಅಪ್ಪ ಕೈ ಹಿಡ್ಕೊಳ್ಳದೆ ಸೂಜಿ ಹಾಕಿಸ್ಕೊಳ್ಳಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡಿದಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮೇಲೆ ನನಗೇ ಸಿಟ್ಟು ಬಂದು ನೇರ ಕಟ್ಟಡಕ್ಕೆ ಹೋದೆ.

"ದೂರ ನಿಲ್ಲು," ಅಂದ ಚಿಕ್ಕಪ್ಪ.

"ಚಿಕ್ಕಪ್ಪಾ, ಅದು ಮರಳಲ್ಲಿ ಇರಲ್ಲ. ಅದರ ಮೈ ಬಣ್ಣ ಮರಳಿನ ಥರ, ಅದಕ್ಕೆ ಆ ಹೆಸರು ಅಷ್ಟೇ."

"ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಕಾಯಿಲೆಯ ಜೀವಿಯನ್ನು ಕಂಡಿದ್ದೆ, ನೊಣವನ್ನು ಕಂಡಿರಲಿಲ್ಲ. "ಇಲ್ಲ," ಅಂದೆ.

"ಮತ್ತೆ? ತೋರಿಸು, ನಂಬ್ತೀನಿ," ಅಂದು ಅವನು ಗಾರೆ ಮೆತ್ತುವ ಕರಣೆ ಎತ್ತಿಕೊಂಡ.

ಕಾಗದಕ್ಕೆ ಹರಳೆಣ್ಣೆ ಬಳಿದು ತೂಗುಹಾಕಿದರೆ ಈ ನೊಣ ಅಂಟಿಕೊಳ್ಳುತ್ತದೆ ಅಂತ ಎಲ್ಲೋ ಓದಿದ್ದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದನ್ನು ಕೇಳಿದ್ದೇನೆ, ಕಾಗದಕ್ಕೆ ಎಣ್ಣೆ ಹಚ್ಚಿ ಕಾದದ್ದು ಅದೇ ಮೊದಲು. ಹನ್ನೆರಡು ಕಾಗದಕ್ಕೂ ಪೆನ್ಸಿಲ್ಲಿನಲ್ಲಿ ಜಾಗದ ಹೆಸರು ಬರೆದೆ. ಸಂಜೆ ನಾಲ್ಕನ್ನು ಕಟ್ಟಡದ ಮರಳು ರಾಶಿಯ ಸುತ್ತ ನೆಟ್ಟೆ. ಉಳಿದವು ಚಿಕ್ಕಪ್ಪನ ಮನೆಗೆ: ಬಾಗಿಲು, ಅಡುಗೆಮನೆ, ಬಚ್ಚಲು. ಕೊನೆಯದನ್ನು ಎಲ್ಲಿ ಹಾಕುವುದು ಅಂತ ನೋಡುವಾಗ, "ಇಲ್ಲಿ ಒಂದು ತೂತಿದೆ, ನನ್ ಬೆರಳು ಹೋಗುತ್ತೆ!" ಅಂದಳು ಪಟಾಕಿ, ಮಂಚದ ಕೆಳಗಿನಿಂದಲೇ. ಅವಳ ದಿಂಬಿನ ಪಕ್ಕದ ಗೋಡೆಯಲ್ಲಿ ಉದ್ದಕ್ಕೆ ಬಿರುಕು. ಆಚೆ ಬದಿಗೆ ಬಚ್ಚಲು, ಹಾಗಾಗಿ ಒಳಗೆಲ್ಲ ತೇವ. ಅಲ್ಲಿಗೇ ಹಾಕಿದೆ. ಅವಳನ್ನು ಒತ್ತು ಹೆಣಿಗೆಯ ಸೊಳ್ಳೆ ಪರದೆಯೊಳಗೆ ಮಲಗಿಸಿ ಅಂತ ಚಿಕ್ಕಮ್ಮನಿಗೆ ಹೇಳಿದೆ.

ಬೆಳಿಗ್ಗೆ ಮರಳಿನ ಕಾಗದಗಳಲ್ಲಿ ಸಿಕ್ಕಿದ್ದು ಮೂರು ಇರುವೆ, ಒಂದು ಸೊಳ್ಳೆ, ಬೇಕಾದಷ್ಟು ಸಿಮೆಂಟಿನ ಧೂಳು. ಬಿರುಕಿನ ಕಾಗದದಲ್ಲಿ ಹನ್ನೊಂದು ನೊಣ. ಸೊಳ್ಳೆಯ ಅರ್ಧವೂ ಇಲ್ಲ, ಮೈಯೆಲ್ಲ ರೋಮ, ಎಣ್ಣೆಯಲ್ಲಿ ಸತ್ತರೂ ರೆಕ್ಕೆ ಎತ್ತಿಕೊಂಡೇ ಇದ್ದವು. ರೋಗ ತಗುಲಿದ ನಾಯಿಯದೋ ಇಲಿಯದೋ ರಕ್ತ ಹೀರಿ, ಸದ್ದಿಲ್ಲದೆ ಬಂದು ಮಗುವಿನ ಕೆನ್ನೆ ಕಚ್ಚುವ ಪೋಕರಿ ಇಷ್ಟು ಚೆಂದ ಇರುತ್ತದೆ ಅಂದುಕೊಂಡಿರಲಿಲ್ಲ.

ಡಾಕ್ಟರಮ್ಮನ ಒಪ್ಪಿಗೆ ಪಡೆದು ಹಳೇ ಮೈಕ್ರೋಸ್ಕೋಪನ್ನೇ ಕಂಕುಳಲ್ಲಿ ಅವುಚಿಕೊಂಡು ಕಟ್ಟಡಕ್ಕೆ ಹೋದೆ. ಸಿಮೆಂಟು ಚೀಲದ ಮೇಲೆ ಹಲಗೆ ಹಾಕಿ ಇಟ್ಟೆ. ಚಿಕ್ಕಪ್ಪ ಮೊದಲು ಮುಚ್ಚಬೇಕಾದ ಕಣ್ಣು ಬಿಟ್ಟು, ಬಿಡಬೇಕಾದ ಕಣ್ಣು ಮುಚ್ಚಿದ. ಆಮೇಲೆ ನೊಣ ಕಂಡಿತು. ತುಂಬ ಹೊತ್ತು ನೋಡಿದ.

"ಇದು ನನ್ ಮರಳಿಂದಾ?"

"ನಿನ್ ಮರಳಲ್ಲಿ ಒಂದೂ ಇಲ್ಲ. ಇದು ಪಟಾಕಿ ದಿಂಬಿನ ಪಕ್ಕದ ಬಿರುಕಿಂದು."

ಅವನು ಹಾಗೇ ಕೆಳಗೆ ಕೂತ.

"ಆ ಬಿರುಕು ಅವಳು ಹುಟ್ಟೋಕೆ ಮುಂಚೆಯಿಂದ ಇದೆ ಕಣೇ. ಭಾನುವಾರ ಮೆತ್ತಿದ್ರಾಯ್ತು, ಭಾನುವಾರ ಮೆತ್ತಿದ್ರಾಯ್ತು ಅಂತ... ಊರವರ ಗೋಡೆಗೆಲ್ಲ ಗಾರೆ ಮೆತ್ತಿದೆ."

ಎದ್ದು ಬಟ್ಟೆ ಗಂಟು ಎತ್ತಿಕೊಂಡ.

ಅವತ್ತು ಮಧ್ಯಾಹ್ನವೇ ಮನೆಗೆ ಹೋದ. ಬೀದಿಯಾಚೆ ಸುರಿದಿದ್ದ ಅದೇ ಮರಳನ್ನು ಬುಟ್ಟಿಯಲ್ಲಿ ಹೊತ್ತು ತಂದು, ಜರಡಿ ಹಿಡಿದು, ಸಿಮೆಂಟು ಕಲಸಿ, ಬಿರುಕನ್ನು ಆಳದವರೆಗೂ ತುಂಬಿ ಮುಚ್ಚಿದ. ಪಟಾಕಿ ಮಂಚದ ಕೆಳಗಿನಿಂದ ತಲೆ ಹೊರಹಾಕಿದಳು.

"ಮರಳು ಮನೆಗೆ ತರಬಾರದು ಅಂತ ನೀನೇ ಅಂದಿದ್ದೆಯಲ್ಲಾ?"

"ಮರಳಲ್ಲಿ ಏನೂ ಇಲ್ಲ ಮಗಳೇ. ಮರುಳ ನಾನು."

ಈಗ ನಾನು ಯಾರಿಗೂ ಮರಳು ನೊಣ ಅನ್ನುವುದಿಲ್ಲ, ಬಿರುಕು ನೊಣ ಅನ್ನುತ್ತೇನೆ. ಪುಸ್ತಕದವರು ಬೈದರೆ ಬೈಯಲಿ. ಕೇಳಿದವರಿಗೆ ಮನೆಯಲ್ಲಿ ಎಲ್ಲಿ ಹುಡುಕಬೇಕು ಅಂತ ಗೊತ್ತಾದರೆ ಸಾಕು.

ಬಿರುಕು ಮುಚ್ಚಿದ ಮಾರನೆಯ ದಿನ ಅಪ್ಪ ಮಗಳು ಆಸ್ಪತ್ರೆಗೆ ಬಂದರು. ಪಟಾಕಿ ಬೆಂಚಿನ ಮೇಲೆ ಕೂತು, ಸಿಮೆಂಟಿಗೆ ಒಡೆದ ಆ ದೊಡ್ಡ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡಳು. ಡಾಕ್ಟರಮ್ಮ ಸೂಜಿ ತಂದರು. ಚುಚ್ಚಿದ್ದು ಅವಳ ಕೆನ್ನೆಗೆ, "ಅಯ್ಯೋ!" ಅಂತ ಕೂಗಿದವನು ಚಿಕ್ಕಪ್ಪ.