ತಂತಿಗೆ ಕಿವಿಗೊಟ್ಟವನು

ನಾಳೆಯಪ್ಪ ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ನಮ್ಮ ಊರಿನ ಮೇಲೆ ಮೊದಲು ವಿಮಾನ ಹಾರಿಸಿದವನು ಅವನೇ. ಆದರೆ ನಾಳೆಯಪ್ಪ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಹಾರಿದ್ದಕ್ಕಲ್ಲ, ಹಾರಲೊಲ್ಲೆ ಎಂದದ್ದಕ್ಕೆ.

ಆಗಿನ ವಿಮಾನವೆಂದರೆ ಮರದ ಪಟ್ಟಿ, ಮೆರುಗೆಣ್ಣೆ ಬಳಿದ ಬಟ್ಟೆ, ಎರಡನ್ನೂ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳು. ಹತ್ತುವ ಮೊದಲು ಅವನು ಮೊಣಕೈ ಸವೆದ ಚರ್ಮದ ಕೋಟಿನ ತೋಳನ್ನು ಮೇಲೆ ಸರಿಸಿ, ತಲೆ ವಾಲಿಸಿ, ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ, ಅದರ ದನಿ ಅಡಗುವವರೆಗೂ ಕಿವಿಗೊಟ್ಟು ನಿಲ್ಲುತ್ತಿದ್ದ. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಗೂ ಬಿಡುಗಡೆಯಿರಲಿಲ್ಲ. “ನನ್ನ ಒಗೆದ ಬಟ್ಟೆನೂ ಹಾರಿಸ್ತೀರೇನ್ರೀ?” ಎಂದು ಹೆಂಡತಿ ರೇಗಿಸುತ್ತಿದ್ದರು.

ಆ ಹೆಸರು ಬಿದ್ದ ದಿನ ಬಯಲಿನ ತುಂಬ ಜನ, ಬ್ಯಾಂಡಿನ ಅಬ್ಬರ. ವಿಮಾನ ಕೊಂಡಿದ್ದ ವರ್ತಕರು ಜನರ ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು. ರೆಕ್ಕೆಯಡಿಯ ಒಂದು ತಂತಿ ಮಂಕಾಗಿ ನುಡಿಯಿತು. ಅವನು ಮತ್ತೆ ಮೀಟಿದ. ತಲೆಗವಸು ಕಳಚಿದ.

“ಇವತ್ತಾಗಲ್ಲ. ನಾಳೆ ನೋಡೋಣ.”

“ಇಷ್ಟು ಜನರ ಮುಂದೆ ನನ್ನ ಮಾನ ಕಳೀತೀಯಾ? ಹತ್ತದೇ ಹೋದ್ರೆ ಇನ್ನು ಈ ವಿಮಾನ ಮುಟ್ಟಬೇಡ. ಹತ್ತೋಕೆ ಬೇರೆಯವರಿದ್ದಾರೆ!” ಎಂದು ವರ್ತಕರು ಗದರಿದರು.

ಹಾರುವುದು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಆದರೂ ಜೇಬಿನಿಂದ ಇಕ್ಕಳ ತೆಗೆದು, ಆ ತಂತಿಯನ್ನು ಕತ್ತರಿಸಿಯೇಬಿಟ್ಟ. ಇನ್ನು ಯಾರೂ ಹತ್ತುವಂತಿರಲಿಲ್ಲ.

“ನಾಳೆಯಪ್ಪಾ, ಮನೆಗೆ ಹೋಗಿ ಗಾಳಿಪಟ ಹಾರಿಸಪ್ಪಾ!” ಎಂದು ಯಾರೋ ಕೂಗಿದರು. ಬಯಲೆಲ್ಲ ಗೊಳ್ಳೆಂದಿತು. ಗೆಳೆಯನೆಂದು ಅವನ ಪಕ್ಕದಲ್ಲೇ ನಿಂತಿದ್ದ ನಾನು ಬಗ್ಗಿ ನೋಡಿದೆ: ತುಂಡಾದ ತುದಿಯಲ್ಲಿ ಒಳಗಿನ ಎಳೆಗಳನ್ನು ತುಕ್ಕು ತಿಂದುಹಾಕಿತ್ತು.

“ಇದನ್ನ ಅವರಿಗೆ ತೋರಿಸೋ!” ಎಂದೆ.

“ನಗ್ತಿದ್ದಾರೆ, ನಗಲಿ ಬಿಡೋ. ಅಳೋದಕ್ಕಿಂತ ವಾಸಿ.”

ಮತ್ತೆ ಅವನ ಕೈಗೆ ವಿಮಾನ ಸಿಗಲು ವರ್ಷಗಳೇ ಹಿಡಿದವು. ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು.

ಹೊಸ ದಾರಿ ತುಳಿದವರನ್ನು ಎದೆಗಾರರೆಂದು ಹೊಗಳುವುದು ನಮಗೆ ರೂಢಿ. ನಾನು ಕಂಡಂತೆ, ಹಿಂದೆ ಬರುವವರ ಪಾಲಿನ ಹೆದರಿಕೆಯನ್ನೂ ತಾವೇ ಹೆದರಿ, ಅದಕ್ಕಾಗಿ ನಗೆಪಾಟಲಾಗಲು ಒಪ್ಪಿದವರು ಅವರು.

ನಿನ್ನೆ ನಾನು ಪಕ್ಕದಲ್ಲೇ ಕುಳಿತಿದ್ದೆ. ಅವನ ಕೈ ಹಾಸಿಗೆಯಿಂದ ಜಾರಿ, ಮಂಚದ ತಂತಿಬಲೆಯನ್ನು ತಡವಿ, ಮೀಟಿತು.

“ಸಿಸ್ಟರ್, ಇದು ಸಡಿಲ ಆಗಿದೆ. ಬಿಗಿ ಮಾಡಿಸಿ.”

“ಈಗ ಯಾಕಜ್ಜಾ? ಸುಮ್ನೆ ಮಲಗಿ.”

“ನನಗಲ್ಲಮ್ಮಾ. ನಾಳೆ ಮಲಗೋರಿಗೆ.”

ಆಮೇಲೆ ಪಕ್ಕದ ತಂತಿಯನ್ನು ಮೀಟಿ, ತಲೆ ವಾಲಿಸಿ, ಕಿವಿಗೊಟ್ಟ.